ಸೊನ್ನೆಯಲ್ಲದ ಉತ್ತರ

ಇವತ್ತು ರಾಯಚೂರಿನ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿಯ ನೋಟ್‌ಬುಕ್ ತಿದ್ದುತ್ತಿದ್ದೆ. 2(x + 3) = 2x + 6 ಎಂಬ ಸಮೀಕರಣವನ್ನು ಬಿಡಿಸುತ್ತಾ ಹೋಗಿ, 0 = 0 ಬಂದಾಗ, ಅವಳು ಧೈರ್ಯವಾಗಿ x = 0 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಎತ್ತಿದ ಕೆಂಪು ಪೆನ್ನನ್ನು ಕೆಳಗಿಟ್ಟೆ. ಅದು ಹುಡುಗನಾಗಿದ್ದಾಗ ನಾನು ಮಾಡಿದ್ದ ತಪ್ಪೇ ನೋಡಿ, ಎರಡು ಗೆರೆಯ ಸಮೇತ.

ಅಪ್ಪ ದೇವದುರ್ಗದಲ್ಲಿ ಗಣಿತದ ಮಾಸ್ತರರಾಗಿದ್ದರು. ನಾನು ಅವರ ತರಗತಿಯಲ್ಲೇ ಓದಿದವನು. ನಮ್ಮ ಮನೆಯಲ್ಲಿ ಬೆಳಗಿನ ಸ್ತೋತ್ರ ಮುಗಿದ ಮೇಲೆ ಅದೇ ರಾಗದಲ್ಲಿ ಮಗ್ಗಿ ಹೇಳಬೇಕಿತ್ತು. ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂಬ ಸಮೀಕರಣದ ನಿಯಮವನ್ನೂ ನಾನು ಆ ರಾಗಕ್ಕೆ ಸೇರಿಸಿಕೊಂಡೆ. ಅರ್ಥವೇ? ಸ್ತೋತ್ರದ್ದು ಎಷ್ಟು ಗೊತ್ತಿತ್ತೋ ಇದರದೂ ಅಷ್ಟೇ. ಆದರೆ ಉತ್ತರ ಬರುತ್ತಿತ್ತು, ಅಪ್ಪನ ಮುಖ ಅರಳುತ್ತಿತ್ತು. ನನಗೆ ಬೇಕಾದದ್ದು ಆ ಮುಖ.

ಮಸರಕಲ್ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ನನ್ನ ತರಗತಿಯ ಸಾಬಮ್ಮ ಕುರಿ ಕಾಯುವ ಮನೆಯವಳು, ಒಮ್ಮೆಯೂ ಕೈ ಎತ್ತಿದವಳಲ್ಲ. ಇದೇ ಲೆಕ್ಕಕ್ಕೆ ನಾನು ಬೋರ್ಡಿನ ಮೇಲೆ ಸೊನ್ನೆ ಬರೆದ ದಿನ ಎದ್ದು ನಿಂತಳು.

“ಸೊನ್ನೀನ ಯಾಕ್ರಿ ಸರ್? ಐದು ಹಾಕಿದ್ರೂ ಸರಿ ಬರ್ತದ, ನೂರು ಹಾಕಿದ್ರೂ ಬರ್ತದ. ಏನು ಹಾಕಿದ್ರ ಎರಡೂ ಕಡಿ ಒಂದಾಗ್ತದ, ಅದನ್ನ ಹುಡುಕೂದ ಬಿಡಿಸೂದು ಅಲ್ಲೇನ್ರಿ?”

ಅಪ್ಪ ನನ್ನ ಕೈಯಿಂದ ಸೀಮೆಸುಣ್ಣ ತೆಗೆದು ಅವಳಿಗೆ ಕೊಟ್ಟರು. ಅವಳನ್ನು ನೋಡಿದ ಹಾಗೆ ಅವರು ನನ್ನನ್ನು ಒಂದು ದಿನವೂ ನೋಡಿರಲಿಲ್ಲ. ಊಟಕ್ಕೆ ಕೂತಾಗ ಅವ್ವನಿಗೂ ಅವಳದೇ ಸುದ್ದಿ. ನನಗೆ ಹೊಟ್ಟೆ ಉರಿಯಿತು, ನಿಮ್ಮಿಂದ ಮುಚ್ಚಿಡುವುದೇನು? ಮಸರಕಲ್ ಬಸ್ಸು ದಿನಾ ಕೆಟ್ಟು ನಿಲ್ಲಲಿ ಎಂದು ರಾಯರಿಗೆ ಹರಕೆ ಹೊತ್ತೆ. ರಾಯರು ಸಣ್ಣ ಬುದ್ಧಿಯವರಲ್ಲ, ಬಸ್ಸು ಬರುತ್ತಲೇ ಇತ್ತು. ಆ ಹಠಕ್ಕೇ ಅವಳ ಮಾತನ್ನು ಬಿಟ್ಟು, ಚಿಹ್ನೆ ಬದಲಿಸುವ ಮಂತ್ರವನ್ನೇ ಇಷ್ಟು ವರ್ಷ ಮಕ್ಕಳಿಗೂ ಕಲಿಸಿದೆ.

ಇವತ್ತು ಬೋರ್ಡು ಒರೆಸಿ, ಒಬ್ಬೊಬ್ಬರೂ ಒಂದು ಸಂಖ್ಯೆ ಹೇಳಿ ಎಂದೆ. ಹಾಕಿದ್ದೆಲ್ಲ ಸರಿಬಂತು. ಎರಡೂ ಕಡೆಯನ್ನು ಸಮ ಮಾಡುವ ಸಂಖ್ಯೆಗಳನ್ನೆಲ್ಲ ಕಂಡುಹಿಡಿಯುವುದೇ ಬಿಡಿಸುವುದು ಎಂದೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಆ ಹುಡುಗಿ ಕೇಳಿದಳು.

ಸಂಜೆ, ಈಗ ಮಾನ್ವಿಯಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಪಾಠವನ್ನು ಪೂರ್ತಿ ವಿವರಿಸಿದೆ, ಒಂದು ಹೆಸರು ಬಿಟ್ಟು.

“ಛಲೋ ಮಾಡೀದಿ,” ಎಂದರು ಅಪ್ಪ. ಎಷ್ಟೋ ವರ್ಷ ಕಾದಿದ್ದ ಮಾತು. ಆಮೇಲೆ ಮೆಲ್ಲಗೆ, “ಅದು ಸಾಬಮ್ಮನ ಮಾತಲ್ಲೇನೋ?” ಎಂದರು.

ಇಷ್ಟು ವರ್ಷದ ಮೇಲೂ ಹೊಟ್ಟೆ ಉರಿಯಿತು.

“ಹೌದಪ್ಪಾ,” ಎಂದೆ. “ನಾಳೆ ಹುಡುಗರಿಗೆ ಆಕಿ ಹೆಸರು ಹೇಳ್ತೀನಿ.”