ಸೆಲ್ವರಾಜ್ ಸಾರ್ ಬರೆದ ದೋಣಿ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯ ಕುಪ್ಪುಸ್ವಾಮಿ ಮರದ ತುಂಡೊಂದನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಸಾಕು, ತಕ್ಕಡಿಯ ಹಂಗಿಲ್ಲದೆ ತೂಕ ಹೇಳಿಬಿಡುತ್ತಿದ್ದ. ಗಣಿಯ ವರ್ಕ್‌ಶಾಪಿನಲ್ಲಿ ಎರಕ ಹೊಯ್ಯಲು ಬೇಕಾದ ಮರದ ಅಚ್ಚುಗಳನ್ನು ಕೆತ್ತುವುದು ಅವನ ಕೆಲಸವಾಗಿತ್ತು. ಗಣಿ ಮುಚ್ಚಿದ ಮೇಲೆ ಹತ್ತೊಂಬತ್ತು ವರ್ಷ ದಿನಾ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬಾಗಿಲು, ಕಿಟಕಿ ಕೂಡಿಸಿ ಬಂದ. ಕೊರೋನಾ ಬಂದು ರೈಲು ನಿಂತಾಗ ಅವನೂ ಮನೆಯಲ್ಲಿ ನಿಂತ. ರೈಲು ಮತ್ತೆ ಹೊರಟರೂ ಅವನು ಹತ್ತಲಿಲ್ಲ. ಮೊಣಕಾಲು ಕೇಳಲಿಲ್ಲ.

ಹೋದ ವರ್ಷ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಯಾವುದೋ ದೇಶದ ಕೆರೆ. ದಡದಲ್ಲಿ ಅವನದೇ ವಯಸ್ಸಿನ ನಾಲ್ಕು ಜನ ಕೈಯಲ್ಲಿ ರಿಮೋಟು ಹಿಡಿದು ನಿಂತಿದ್ದಾರೆ. ನೀರಿನಲ್ಲಿ ಪುಟ್ಟ ಹಾಯಿದೋಣಿಗಳು. ಇಂಜಿನ್ನಿಲ್ಲ, ಸದ್ದಿಲ್ಲ, ರಿಮೋಟು ಹಾಯಿಯ ದಾರವನ್ನೂ ಚುಕ್ಕಾಣಿಯನ್ನೂ ಮಾತ್ರ ಆಡಿಸುತ್ತದೆ, ಮಿಕ್ಕಿದ್ದೆಲ್ಲ ಗಾಳಿಯದು. ಅದನ್ನು ಹತ್ತು ಸಲ ನೋಡಿದ. ಹನ್ನೊಂದನೆಯ ಸಲ ಸೆಲ್ವರಾಜ್ ಸಾರ್‌ಗೆ ತೋರಿಸಿದ.

ಸೆಲ್ವರಾಜ್ ಗಣಿಯ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವರು. ಅವರು ಬರೆದದ್ದನ್ನು ಕುಪ್ಪುಸ್ವಾಮಿ ಮರದಲ್ಲಿ ಕೆತ್ತುತ್ತಿದ್ದ. ಗಣಿ ಹೋದರೂ 'ಸಾರ್' ಎನ್ನುವುದು ಅವನ ಬಾಯಿಂದ ಹೋಗಿರಲಿಲ್ಲ. ಈಗ ಅವರಿಗೆ ಎಪ್ಪತ್ತನಾಲ್ಕು. ಕಣ್ಣಿನ ಪೊರೆ ತೆಗೆಸಿದ ಮೇಲೆ ಊರಿಗಾಂನ ಮನೆಯ ಜಗುಲಿಯಲ್ಲಿ ಸುಮ್ಮನೆ ಬೀದಿ ನೋಡುತ್ತ ಕೂತಿರುತ್ತಿದ್ದರು. ವಿಡಿಯೋ ನೋಡಿ ನೆಟ್ಟಗೆ ಕೂತರು.

"ಬೇರೆಯೋರ ನಕ್ಷೆ ನಮಗ್ಯಾಕಯ್ಯ? ನಾನ್ ಬರೀತೀನಿ, ನೀನ್ ಕಟ್ಟು," ಎಂದರು.

ಮೂರು ತಿಂಗಳು ಬರೆದರು. ಪ್ರತಿದಿನ ಗಡ್ಡ ಬೋಳಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಆಫೀಸಿಗೆ ಹೋದಂತೆ ಮೇಜಿಗೆ ಹೋಗುತ್ತಿದ್ದರಂತೆ. ಕೊನೆಗೆ ಸುರುಳಿ ಬಿಚ್ಚಿದಾಗ ಕುಪ್ಪುಸ್ವಾಮಿ ಮೇಜಿನ ಮೇಲೆ ಬಗ್ಗಿ ಒಂದೊಂದು ಗೆರೆಯನ್ನೂ ನೋಡಿದ. ನಾಲ್ಕು ಅಡಿ ಉದ್ದದ ದೋಣಿ, ಎರಡು ಕಂಬ, ಮೀನಿನ ಹೊಟ್ಟೆಯಂತೆ ದುಂಡನೆಯ ಒಡಲು. ಕೆಳಗೆ ಒಂದೂವರೆ ಅಡಿ ಇಳಿಯುವ ರೆಕ್ಕೆ, ದೋಣಿ ಮಗುಚದಂತೆ ಅದರ ತುದಿಯಲ್ಲಿ ಮೂರು ಕೆ.ಜಿ. ಸೀಸದ ಗುಂಡು. ಮೂಲೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ 'ಒಟ್ಟು ಭಾರ ಆರು ಕೆ.ಜಿ.' ಎಂದಿತ್ತು. ನೀರು ಎಲ್ಲಿಯವರೆಗೆ ಬರಬೇಕೆಂದು ಒಂದು ಗೆರೆಯೂ ಇತ್ತು.

ಕುಪ್ಪುಸ್ವಾಮಿ ಒಳಗಿನ ಪಕ್ಕೆಲುಬುಗಳನ್ನು ಕತ್ತರಿಸತೊಡಗಿದ. ಮೂರು ವಾರದಲ್ಲಿ ಒಂಬತ್ತಾದವು. ಅವನ್ನು ಸಾಲಾಗಿ ನಿಲ್ಲಿಸಿ ನೋಡಿದಾಗ ಮನಸ್ಸಿಗೆ ಏನೋ ಇರುಸುಮುರುಸು. ಇಷ್ಟು ತೆಳ್ಳಗಿನ ಒಡಲು ಆರು ಕೆ.ಜಿ. ಹೊರುತ್ತದೆಯೇ? ಹೊಸ ಫ್ರಿಜ್ಜಿನ ಪೆಟ್ಟಿಗೆಯಿಂದ ಬಂದ ಥರ್ಮೋಕೋಲ್ ಅಂಟಿಸಿ, ನಕ್ಷೆಯ ಆಕಾರಕ್ಕೇ ಕೆತ್ತಿ, ನೀರಿನ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಎಳೆದು, ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟ. ಅದು ಮಗುಚದಂತೆ ಎರಡು ಬೆರಳಲ್ಲಿ ಹಿಡಿದು, ಮೇಲೆ ಒಂದೊಂದಾಗಿ ಒಂದು ಕೆ.ಜಿ.ಯ ಉಪ್ಪಿನ ಪಾಕೀಟುಗಳನ್ನು ಇಟ್ಟ. ಮೂರನೆಯದಕ್ಕೇ ನೀರು ಕೆಂಪು ಗೆರೆ ಮುಟ್ಟಿತು. ಐದನೆಯದಕ್ಕೆ ದೋಣಿ ಪೂರ್ತಿ ಒಳಗೆ ಹೋಯಿತು.

"ಉಪ್ಪು ನೀರಿಗಾಕೋಕೆ ನಿಮಗೇನ್ ಬಂದೈತೆ?" ಎಂದು ಹೆಂಡತಿ ಮುನಿಗಂಗಮ್ಮ ಓಡಿಬಂದಳು.

ಅವನು ಎಲ್ಲ ಹೇಳಿದ.

"ಹಂಗಾದ್ರೆ ಅವ್ರಿಗೆ ಏಳಿ."

"ಎಂಗೇಳ್ಲಿ? ಅವ್ರ ಅಣ್ಣನಿಗೆ ಮರೆವಿನ ಕಾಯಿಲೆ ಬಂದು ಕೊನೆಗೆ ಮಕ್ಕಳ ಗುರುತೂ ಸಿಗ್ತಿರ್ಲಿಲ್ಲ. ಸಾರ್‌ಗೆ ಅದೇ ದಿಗಿಲು. ಈಗ ನಾನೋಗಿ ತಪ್ಪು ಬರ್ದಿದೀರ ಅಂದ್ರೆ, ತನಗೂ ಶುರುವಾಯ್ತು ಅಂದ್ಕೊತಾರೆ."

"ಏಳ್ದೆ ಇದ್ರೆ ಮುಳುಗೋ ದೋಣಿ ಕಟ್ತೀರಾ?" ಎಂದು ಅವಳು ಪಾಕೀಟುಗಳನ್ನು ಒರೆಸಿಕೊಂಡು ಒಳಗೆ ಹೋದಳು.

ಕುಪ್ಪುಸ್ವಾಮಿಯ ಮಂಚದ ಕೆಳಗೆ ಇನ್ನೊಂದು ಗುಟ್ಟಿತ್ತು. ರಿಮೋಟನ್ನೂ ಅದರ ಸಣ್ಣ ಮೋಟಾರುಗಳನ್ನೂ ತರಿಸಿಕೊಟ್ಟ ಬಂಗಾರಪೇಟೆಯ ಮೊಬೈಲ್ ಅಂಗಡಿಯ ನರೇಶ್, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದೆಂದು ಒಂದು ನಕ್ಷೆಯನ್ನು ಹನ್ನೆರಡು ಹಾಳೆಗಳಲ್ಲಿ ಪ್ರಿಂಟ್ ಹಾಕಿ ಕೊಟ್ಟಿದ್ದ. ಎರಡು ಅಡಿಯ ಚಿಕ್ಕ ದೋಣಿ, ಒಂದೇ ಕಂಬ. ದುಂಡನೆಯ ಕೆಲಸವಿಲ್ಲ, ತೆಳು ಪ್ಲೈವುಡ್ಡಿನ ಚಪ್ಪಟೆ ಹಲಗೆಗಳನ್ನು ಬಗ್ಗಿಸಿ ಅಂಚಿಗೆ ಅಂಚು ಅಂಟಿಸಿದರೆ ಆಯಿತು. ರೆಕ್ಕೆ ಒಂದಡಿಯೊಳಗೇ ಮುಗಿಯುತ್ತದೆ; ಕೆರೆಯಂಚಿನ ಜೊಂಡಿಗೆ ಸಿಕ್ಕುವ ಭಯ ಕಡಿಮೆ. ಬಿಚ್ಚಿದರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದು. ಅವನಿಗೆ ಅದು ಮೊದಲ ನೋಟಕ್ಕೇ ಹಿಡಿಸಿತ್ತು. ದಿನಾ ಮಧ್ಯಾಹ್ನ ತೆಗೆದು ನೋಡುತ್ತಿದ್ದ. ನೋಡಿದಾಗೆಲ್ಲ ಸಾರ್‌ಗೆ ಮೋಸ ಮಾಡಿದಂತೆನಿಸಿ ಬೇಗನೆ ಮತ್ತೆ ಮಂಚದ ಕೆಳಗೆ ತಳ್ಳಿಬಿಡುತ್ತಿದ್ದ.

ಅಷ್ಟರಲ್ಲಿ ದಿನಾ "ಎಲ್ಲಿಗೆ ಬಂತು?" ಎಂದು ಫೋನು ಮಾಡುತ್ತಿದ್ದ ಸೆಲ್ವರಾಜ್ ಫೋನು ನಿಲ್ಲಿಸಿದರು. ಒಂದು ದಿನವಲ್ಲ, ಹತ್ತು ದಿನ. ಹೇಗೋ ವಿಷಯ ತಿಳಿದು ಮುನಿಸಿಕೊಂಡಿದ್ದಾರೆ ಎಂದುಕೊಂಡ ಕುಪ್ಪುಸ್ವಾಮಿ. ಹನ್ನೊಂದನೆಯ ದಿನ ತಡೆಯಲಾರದೆ, ಎರಡೂ ನಕ್ಷೆಗಳನ್ನು ಚೀಲಕ್ಕೆ ತುರುಕಿಕೊಂಡು ಊರಿಗಾಂಗೆ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ.

ಸೆಲ್ವರಾಜ್ ಜಗುಲಿಯಲ್ಲೇ ಇದ್ದರು. ಗಡ್ಡ ಬೆಳೆದಿತ್ತು.

"ಸಾರ್, ಒಂದ್ ಮಾತೇಳ್ಬೇಕು..."

"ಮೊದ್ಲು ನಾನೇಳ್ತೀನಿ, ಕೂತ್ಕೋ ಕುಪ್ಪು." ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. "ಆ ದೋಣಿ ತೇಲಲ್ಲ ಕಣಯ್ಯ."

ಕುಪ್ಪುಸ್ವಾಮಿಯ ಬಾಯಿಪಾಠವೆಲ್ಲ ಹಾರಿಹೋಯಿತು. "ಗೊತ್ತು ಸಾರ್," ಎಂದುಬಿಟ್ಟ.

"ಗೊತ್ತಾ?"

"ಮೂರ್ ಉಪ್ಪಿನ ಪಾಕೀಟಿಗೇ ಗೆರೆ ಮುಟ್ತು."

"ಮೂರೇ. ಕರೆಕ್ಟು." ಸೆಲ್ವರಾಜ್ ಕನ್ನಡಕ ಹಾಕಿಕೊಂಡರು. "ದೋಣೀದು ಅರ್ಧ ಮಗ್ಗುಲು ಬರೆದು, ಎಷ್ಟು ಭಾರ ಹೊರುತ್ತೆ ಅಂತ ಲೆಕ್ಕ ಮಾಡೋವಾಗ ಎರಡರಿಂದ ಗುಣಿಸ್ಬೇಕು. ನಾನ್ ಗುಣಿಸಿದೆ. ಮಾರನೇ ದಿನ ಕೂತು ಮತ್ತೊಂದ್ಸಲ ಗುಣಿಸಿದೀನಿ. ಅಣ್ಣಂಗೂ ಇಂಗೇ ಕುಪ್ಪು, ಮೊದಲು ಲೆಕ್ಕದಲ್ಲೇ ತಪ್ಪೋಕೆ ಶುರುವಾಗಿದ್ದು. ಯಾರಿಗೂ ಏಳ್ಬಾರ್ದು ಅಂತ ಸುಮ್ನಿದ್ದೆ. ನೀನ್ ಪಾಪ ಅಲ್ಲಿ ಮರ ಕೊಯ್ತಾ ಇದೀಯ ಅಂತ ನಿದ್ದೇನೂ ಬರ್ಲಿಲ್ಲ."

ಕುಪ್ಪುಸ್ವಾಮಿ ಚೀಲವನ್ನು ನೆಲದ ಮೇಲಿಟ್ಟ. ಸಮಾಧಾನದ ಮಾತುಗಳು ಅವನಿಗೆ ಬರುತ್ತಿರಲಿಲ್ಲ. ಕೆಲಸದ ಮಾತು ಬರುತ್ತಿತ್ತು.

"ಸಾರ್, ಮರೆವು ಬಂದೋರಿಗೆ ತಪ್ಪು ಸಿಗುತ್ತಾ? ನಾನು ತೊಟ್ಟಿ, ಥರ್ಮೋಕೋಲು, ಉಪ್ಪು ಎಲ್ಲಾ ಇಟ್ಕೊಂಡು ಕಂಡಿಡ್ದೆ. ನೀವು ಕೂತಲ್ಲೇ ಕಂಡಿಡ್ದಿದೀರ. ಒಂಬತ್ತು ಪಕ್ಕೆಲುಬು ಕೊಯ್ಯೋವರ್ಗೂ ನನಗೇ ತಿಳೀಲಿಲ್ವಲ್ಲ, ನನಗೇನ್ ಬಂದೈತೆ ಅನ್ನಣ?"

ಸೆಲ್ವರಾಜ್ ಅವನ ಮುಖವನ್ನೇ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಕುಪ್ಪುಸ್ವಾಮಿ ಗಾಬರಿಗೊಂಡ; ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, "ಉಪ್ಪಿನ ಪಾಕೀಟು!" ಎಂದು ತೊಡೆ ತಟ್ಟಿಕೊಂಡರು. ಸದ್ದಿಗೆ ಅವರ ಮಗಳು ಸುಮಿತಾ ಒಳಗಿನಿಂದ ಬಂದಳು.

"ಏನ್ ಮಾಡಿದ್ರಿ ಮಾಮಾ? ಅಪ್ಪ ಹತ್ತು ದಿನದಿಂದ ಸರ್ಯಾಗಿ ಊಟಾನೇ ಮಾಡಿರ್ಲಿಲ್ಲ," ಎಂದಳು. ಕುಪ್ಪುಸ್ವಾಮಿಯ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅದೇ ಧೈರ್ಯದಲ್ಲಿ ಚೀಲದಿಂದ ಆ ಹನ್ನೆರಡು ಹಾಳೆಗಳನ್ನೂ ತೆಗೆದ.

ಸೆಲ್ವರಾಜ್ ನೆಲದ ಮೇಲೆ ಹಾಳೆಗಳನ್ನು ಜೋಡಿಸಿ, ಸ್ಕೇಲು ಹಿಡಿದು ಬಗ್ಗಿದರು. ಒಂದು ಗಂಟೆ ಅಳೆದು ಲೆಕ್ಕ ಹಾಕಿದರು.

"ಇವನ್ಯಾರೋ ಚುಕ್ಕಾಣಿ ಚಿಕ್ಕದು ಬರ್ದಿದಾನೆ," ಎಂದರು ಕೊನೆಗೆ. "ಮಿಕ್ಕಿದ್ದು ಒಳ್ಳೇದಾಗೈತೆ. ಒಂದು ಕೆ.ಜಿ. ಚಿಲ್ಲರೆ ಹೊರುತ್ತೆ. ಲೆಕ್ಕಾನ ಮೂರ್ ಸಲ ಮಾಡಿದೀನಿ, ಬೇಕಾದ್ರೆ ನೀನೂ ಮಾಡು." ಹಾಳೆಗಳನ್ನು ಒಟ್ಟುಗೂಡಿಸುತ್ತ ಸೇರಿಸಿದರು: "ನಿಜ ಏಳ್ಲಾ? ಆ ನಾಲ್ಕಡಿದನ್ನ ಬಸ್ಸಲ್ಲಿ ಯಾರ್ ತಗೊಂಡೋಗ್ತಿದ್ರು ಅನ್ನೋದು ನನಗೆ ಮೊದಲಿಂದ್ಲೂ ಗೊತ್ತಾಗಿರ್ಲಿಲ್ಲ."

ಚಿಕ್ಕ ದೋಣಿಗೆ ಐದು ವಾರ ಹಿಡಿಯಿತು. ಚುಕ್ಕಾಣಿಯನ್ನು ಸೆಲ್ವರಾಜ್ ಹೇಳಿದಷ್ಟೇ ಅಗಲ ಮಾಡಿದ. ಹಾಯಿಗೆ ಯಾವ ಬಟ್ಟೆ ಎಂದು ಯೋಚಿಸುತ್ತಿದ್ದಾಗ ಅವರೇ ಟ್ರಂಕಿನಿಂದ ನಕ್ಷೆ ಬರೆಯುವ ಪ್ಲಾಸ್ಟಿಕ್ ಹಾಳೆಯ ಬಳಸದ ಸುರುಳಿ ತಂದರು. ನೀರು ಹೀರುವುದಿಲ್ಲ, ಹಿಗ್ಗುವುದಿಲ್ಲ, ಹಗುರ.

ಒಂದು ಭಾನುವಾರ ಗಂಡಹೆಂಡತಿ, ಅಪ್ಪಮಗಳು ನಾಲ್ವರೂ ಬೇತಮಂಗಲದ ಬಸ್ಸು ಹತ್ತಿದರು. ಕೆರೆ ತುಂಬಿತ್ತು. ಕುಪ್ಪುಸ್ವಾಮಿ ಮೊಣಕಾಲುದ್ದ ನೀರಿಗಿಳಿದು ದೋಣಿಯನ್ನು ಬಿಟ್ಟ. ನೀರು ಗೆರೆಗೆ ಬಂದು ಅಲ್ಲೇ ನಿಂತಿತು. ಗಾಳಿ ಬೀಸಿ ಹಾಯಿ ಉಬ್ಬಿ ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಮುನಿಗಂಗಮ್ಮ "ಅಯ್ಯೋ, ಬಿತ್ತು!" ಎಂದು ಕೂಗಿದಳು. ಬೀಳಲಿಲ್ಲ. ವಾಲಿಕೊಂಡೇ ದೂರ ದೂರ ಹೋಗಿ ಜೊಂಡಿನ ಕಡೆಗೆ ತಿರುಗಿತು. ಕುಪ್ಪುಸ್ವಾಮಿ ರಿಮೋಟನ್ನು ಬಿಗಿಯಾಗಿ ಹಿಡಿದ. ಚುಕ್ಕಾಣಿ ಪೂರ್ತಿ ಎಳೆದ. ದೋಣಿ ಒಂದು ಗಳಿಗೆ ಅನುಮಾನಿಸಿ, ಹಾಯಿ ಪಟಪಟ ಬಡಿದು, ತಿರುಗಿ ದಡದತ್ತ ಬಂತು.

"ಕೊಡಿಲ್ಲಿ," ಎಂದು ಸೆಲ್ವರಾಜ್ ರಿಮೋಟು ಇಸಿದುಕೊಂಡರು.

ಆಮೇಲೆ ಅದು ಅವರ ಕೈಯಿಂದ ಬರಲಿಲ್ಲ. ಸುಮಿತಾ ಚಿತ್ರಾನ್ನದ ಡಬ್ಬಿ ತೆರೆದು ಎರಡು ಸಲ ಕರೆದಳು. "ಇನ್ನೊಂದ್ ಸುತ್ತು," ಎನ್ನುತ್ತಿದ್ದರು. ಎರಡು ಗಂಟೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿಕೊಂಡು ಹೋಯಿತು. ಕುಪ್ಪುಸ್ವಾಮಿ ಒದ್ದೆ ಪ್ಯಾಂಟಿನಲ್ಲೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ಹೆಂಡತಿ ಕೊಟ್ಟ ತಟ್ಟೆ ತೆಗೆದುಕೊಂಡ. ಎಷ್ಟೋ ವಾರಗಳ ಮೇಲೆ ಅವನಿಗೆ ಹಸಿವು ಚೆನ್ನಾಗಿ ಆಗಿತ್ತು.