ಮಸರಕಲ್ ಅತ್ತಿ ಕೊಟ್ಟ ಸ್ಟಾರು

ಗೆಳೆಯರೇ, ವೆಬ್‌ಸೈಟ್ ನೋಡಿ ಮಾನ್ವಿಯ ನಮ್ಮ ಸಣ್ಣ ಲಾಡ್ಜಿನಾಗ ರೂಮ್ ಹಿಡಿದಿದ್ದ ಮೊದಲನೇ ಗಿರಾಕಿ ಇವತ್ತು ಮುಂಜಾನಿ ಬ್ಯಾಡ ಅಂದುಬಿಟ್ರು. "ನಿಮ್ಮ ಸ್ವಂತ ಅತ್ತಿನೇ ಹೋಗಬ್ಯಾಡ್ರಿ ಅಂತ ಬರದಾರ, ನಾವು ಹೆಂಗ ಬರೋದ್ರಿ?"

ಜಾಹೀರಾತಿಗೆ ರೊಕ್ಕ ಇಲ್ಲ ಅಂತ, ವೆಬ್‌ಸೈಟಿನಾಗ ಲಾಡ್ಜಿನ ಬಗ್ಗೆ ಎರಡು ಚಲೋ ಮಾತು ಬರೀರಿ ಅಂತ ಮನಿಮಂದಿ ಗ್ರೂಪಿನಾಗ ನಾನೇ ಕೇಳಿದ್ದೆ. ಮಸರಕಲ್ಲಿನ ಸೋದರತ್ತಿ ಒಂದೇ ಸ್ಟಾರ್ ಒತ್ತಿ, "ನಾ ಇವನ ಸ್ವಂತ ಅತ್ತಿ. ನನ್ನ ಬಸುರಿ ಮಗಳ ಕುಬಸಕ್ಕ ಬರಲಿಲ್ಲ. ಇವಗ ಮಂದಿ ಬ್ಯಾಡ. ಯಾರೂ ಹೋಗಬ್ಯಾಡ್ರಿ" ಅಂತ ಬರದಾಳ. ಲಾಡ್ಜ್ ಬಿಟ್ಟು ಹೆಂಗ ಹೋಗ್ಲಿ ಅಂತ ಅವತ್ತು ಹೋಗಿರಲಿಲ್ಲ, ಖರೇ.

ಫೋನ್ ಹಚ್ಚಿದೆ. "ಅತ್ತಿ, ಅಳಸಬೇ, ಕಾಲು ಬೀಳ್ತೀನಿ."

"ಫೋನಿನಾಗ ಎಲ್ಲಿ ಬೀಳ್ತಿ? ಮನಿಗೆ ಬಂದು ಬೀಳು. ಉಂಡು ಹೋಗು, ಅಳಸ್ತೀನಿ."

ಲಾಡ್ಜಿಗೆ ಬೀಗ ಹಾಕಿ ಬಸ್ ಹತ್ತಿದೆ. ಕಾಲು ಬಿದ್ದು ಹೋಳಿಗಿ ಉಂಡೆ. ಅತ್ತಿ ನನ್ನ ಮುಂದನ ಹಳೇದು ಅಳಸಿ ಐದು ಸ್ಟಾರ್ ಒತ್ತಿದ್ಲು. ವಾಪಸ್ ಬರೋವಾಗ ಬಸ್ಸಿನಾಗ ತೆಗೆದು ಓದಿದೆ: "ಬಂಗಾರದಂಥ ಹುಡುಗ. ಅತ್ತಿ ಕರದ್ರ ಲಾಡ್ಜಿಗೆ ಬೀಗ ಹಾಕಿ ಓಡಿ ಬರ್ತಾನ."

ಇದನ್ನ ಅಳಸು ಅನ್ನಾಕ ನಾಳೆ ಮತ್ತ ಬೀಗ ಹಾಕಬೇಕು.