ತಣ್ಣೀರು ಮೇಷ್ಟ್ರ ಬ್ರೇಕು

ನನ್ನ ಜೆರಾಕ್ಸ್ ಅಂಗಡಿಯ ಎದುರಿಗೇ ಒಂದು ಡ್ರೈವಿಂಗ್ ಸ್ಕೂಲಿದೆ. ಅದರ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಕೆಂಡ. ಅವರ ಅಕ್ಕನ ಮಗ, ಅಲ್ಲೇ ಕಾರು ಕಲಿಸುವವನು, ತಣ್ಣೀರು. ಹೆಸರಿಡುವುದರಲ್ಲಿ ನಮ್ಮ ಬೀದಿ ತಪ್ಪುವುದು ಕಡಿಮೆ. ಗಾಜು ಏರಿಸಿದ ಕಾರಿನೊಳಗೆ ಮಾವ ಕೂಗಿದರೂ ನನ್ನ ಕೌಂಟರಿಗೆ ಕೇಳುತ್ತಿತ್ತು. ಅಳಿಯ ಪಕ್ಕದಲ್ಲೇ ನಿಂತು ಮಾತಾಡಿದರೂ "ಏನಂದೆ?" ಎಂದು ಇನ್ನೊಮ್ಮೆ ಕೇಳಬೇಕು. ಕಲಿಯಲು ಬಂದವರು ಅವನನ್ನು ಮರ್ಯಾದೆಯಿಂದ ತಣ್ಣೀರು ಮೇಷ್ಟ್ರು ಎನ್ನುತ್ತಾರೆ. ನನಗಿಂತ ಚಿಕ್ಕವನು, ಹಾಗಾಗಿ ನಾನು ಏಕವಚನದಲ್ಲೇ ಬರೆಯುತ್ತೇನೆ.

ಇರುವ ಒಂದೇ ಕಾರಿನಲ್ಲಿ ಬೆಳಗ್ಗೆ ಮಾವ ಕಲಿಸುತ್ತಿದ್ದರು, ಮಧ್ಯಾಹ್ನ ಇವನು. ಬೆಳಗಿನವರು ಮೂಗೊರೆಸಿಕೊಳ್ಳುತ್ತ ಇಳಿಯುತ್ತಿದ್ದರು, ಮಧ್ಯಾಹ್ನದವರು ನಗುತ್ತ ಇಳಿಯುತ್ತಿದ್ದರು. ಆದರೆ ಪರೀಕ್ಷೆಯಲ್ಲಿ ಅತ್ತವರು ಪಾಸಾಗುತ್ತಿದ್ದರು, ನಕ್ಕವರು ಡುಮ್ಕಿ ಹೊಡೆಯುತ್ತಿದ್ದರು. ಯಾಕೆಂದು ಯಾರಿಗೂ ತಲೆಬುಡ ತಿಳಿಯಲಿಲ್ಲ. ಮಾವನಿಗೆ ಮಾತ್ರ ತಿಳಿದಿತ್ತು, ಅವರಿಗೆ ತಿಳಿಯದ್ದು ಯಾವುದೂ ಇರಲಿಲ್ಲ.

"ನೀನು ತೀರಾ ಮೆತ್ತಗಿನ ಆಸಾಮಿ ಕಣೋ," ಎಂದು ಒಂದು ದಿನ ನನ್ನ ಅಂಗಡಿಯ ಮುಂದೆಯೇ ಹೇಳಿದರು. "ಬೈಯದೇ ಇದ್ರೆ ಯಾರಿಗೂ ಬುದ್ಧಿ ಬರಲ್ಲ. ಮುಂದಿನ ಪರೀಕ್ಷೇಲೂ ನಿನ್ನವರು ಹೀಗೇ ಫೇಲಾದ್ರೆ ಸ್ಕೂಲು ಮಾರಿಬಿಡ್ತೀನಿ. ನಿನ್ನ ಕೈಗೆ ಕೊಟ್ಟು ಮುಳುಗ್ಸೋದಕ್ಕಿಂತ ಅದೇ ವಾಸಿ."

ತಣ್ಣೀರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಪ್ಪ ತೀರಿಹೋದ ಮೇಲೆ ಮಾವನ ಕಾರಿನ ಹಿಂದಿನ ಸೀಟಿನಲ್ಲೇ ಬೆಳೆದವನು. ಸ್ಕೂಲು ಮುಂದೆ ಅವನದೇ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವನು ಅದನ್ನೇ ನಂಬಿಕೊಂಡಿದ್ದ.

ಮಗನ ಪಾಡು ನೋಡಲಾರದೆ ತಾಯಿ ಅವನನ್ನು ವ್ಯಕ್ತಿತ್ವ ವಿಕಸನದ ಶಿಬಿರವೊಂದಕ್ಕೆ ಕಳಿಸಿದರು. ಮನುಷ್ಯರಲ್ಲಿ ನಾಲ್ಕು ಬಗೆ, ಮೊದಲು ನೀವು ಯಾವ ಬಗೆಯೆಂದು ತಿಳಿದುಕೊಳ್ಳಿ ಎಂದು ಅಲ್ಲಿ ಪ್ರಶ್ನೆಗಳನ್ನು ಕೊಟ್ಟರಂತೆ. ಜಗಳವಾದಾಗ ಗೆಲ್ಲಲು ನೋಡುತ್ತೀರೋ ಬಿಟ್ಟುಕೊಡುತ್ತೀರೋ ಎಂಬುದಕ್ಕೆ ಇವನು ಎರಡಕ್ಕೂ ಗುರುತು ಹಾಕಿದ. ಪ್ರಶ್ನೆ ಬರೆದವರಿಗೆ ಬೇಜಾರಾಗದಿರಲಿ ಎಂದು. ಶಿಬಿರದವರು ಅವನನ್ನು ಶಾಂತಸ್ವಭಾವದವರ ಸಾಲಿನಲ್ಲಿ ಕೂರಿಸಿ, ಯಶಸ್ಸು ಬೇಕಾದರೆ ಎದುರುಸಾಲಿನವರ ಗುಣ ಬೆಳೆಸಿಕೊಳ್ಳಿ ಎಂದರು. ಎದುರುಸಾಲಿನ ತುಂಬ ಅವನ ಮಾವನಂಥವರೇ ಇದ್ದರಂತೆ.

ಬಂದವನೇ ಬೈಯುವುದನ್ನು ಅಭ್ಯಾಸ ಮಾಡತೊಡಗಿದ. ಕಾರು ಕಲಿಯುತ್ತಿದ್ದ ದರ್ಜಿಯೊಬ್ಬನಿಗೆ "ತಲೇಲಿ ಏನಿದೆ ನಿಮ್ಗೆ?" ಎಂದು ಕೂಗಿ, ಮರುಕ್ಷಣವೇ ಕ್ಷಮೆ ಕೇಳಿ, ಕಾರು ಪಕ್ಕಕ್ಕೆ ಹಾಕಿಸಿ ಚಹಾ ಕುಡಿಸಿದ. ಬೈದದ್ದಕ್ಕಿಂತ ಚಹಾಕ್ಕೇ ಹೆಚ್ಚು ಹೊತ್ತು ಹಿಡಿಯಿತು. "ಪಾಪ, ಮೇಷ್ಟ್ರಿಗೆ ಮೈ ಹುಷಾರಿಲ್ಲ ಅನ್ಸುತ್ತೆ," ಎಂದು ದರ್ಜಿ ನನ್ನ ಬಳಿ ಮರುಗಿದ.

ವಿಷಯ ಬಯಲಿಗೆ ತಂದವಳು ಒಬ್ಬ ನರ್ಸು. ಎರಡನೇ ಸಲ ಫೇಲಾಗಿ ಬಂದು ಸ್ಕೂಲಿನ ಮೆಟ್ಟಿಲ ಮೇಲೆ ಕೂತಿದ್ದಳು.

"ನೀವು ಪಕ್ಕದಲ್ಲಿದ್ರೆ ನಾನು ಒತ್ತಿದ ತಕ್ಷಣ ನಿಲ್ಲುತ್ತೆ ಮೇಷ್ಟ್ರೇ. ಪರೀಕ್ಷೆ ಮೈದಾನದಲ್ಲಿ ಒಬ್ಳೇ ಕೂತ್ರೆ ಗೆರೆ ದಾಟಿ ಹೋಗುತ್ತೆ. ಕಾರು ಅದೇ ತಾನೇ?"

ಕಾರು ಅದೇ. ಆದರೆ ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕಿರುತ್ತದೆ. ಕೆಂಡ ಅದನ್ನು ಒತ್ತಿದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸಬೇಕು, ಅದರ ಬೆನ್ನಿಗೇ ಬೈಗುಳ. ತಣ್ಣೀರು ಒತ್ತಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಲಿಯುವವರ ಮುಖದಲ್ಲಿ ಹೆದರಿಕೆ ಮೂಡುವ ಮೊದಲೇ ಅವನ ಕಾಲು ಮೆಲ್ಲಗೆ ಇಳಿದಿರುತ್ತಿತ್ತು. ತಾವೇ ನಿಲ್ಲಿಸಿದೆವೆಂದು ಅವರು ಹಿಗ್ಗುತ್ತಿದ್ದರು, ಅವರ ಹಿಗ್ಗು ನೋಡಿ ಇವನೂ ಹಿಗ್ಗುತ್ತಿದ್ದ. ಹೀಗೆ ಬ್ರೇಕು ಹಾಕಲು ಬಾರದವರನ್ನು ಅವನು ಪ್ರೀತಿಯಿಂದ ತಯಾರುಮಾಡಿ ಪರೀಕ್ಷೆಗೆ ಕಳಿಸುತ್ತಿದ್ದ.

"ನಾನು ಒಳ್ಳೇವನು ಅಂದ್ಕೊಂಡಿದ್ದೆ ಅಣ್ಣ," ಎಂದು ಆ ಸಂಜೆ ನನಗೆ ಹೇಳಿದ. "ಬೇರೆಯವ್ರು ಹೆದರೋದನ್ನ ನೋಡೋಕೆ ನಂಗೇ ಧೈರ್ಯ ಇಲ್ಲ, ಅಷ್ಟೇ."

ಅಲ್ಲಿಗೆ ಬೈಯುವ ಅಭ್ಯಾಸ ನಿಂತಿತು. ಕಾಲು ಮಾತ್ರ ಅವನ ಮಾತು ಕೇಳಲಿಲ್ಲ, ಹಾಗಾಗಿ ಅದರ ಪಾಡಿಗೆ ಅದನ್ನು ಬಿಟ್ಟು ಬಾಯಿಗೆ ಕೆಲಸ ಕೊಟ್ಟ. ಬ್ರೇಕು ಒತ್ತಿದಾಗಲೆಲ್ಲ ಅದೇ ಮೆಲುದನಿಯಲ್ಲಿ "ಇದು ನಂದು" ಎನ್ನತೊಡಗಿದ. ಅಷ್ಟೇ, ಹಿಂದಿಲ್ಲ ಮುಂದಿಲ್ಲ. ಮೊದಲ ದಿನ ಆ ಮಾತು ಕೇಳಿ ಕೇಳಿ ನರ್ಸಿನ ಮುಖ ಬಾಡಿಹೋಯಿತು. ಬೈದರೆ ಬೈದವರ ಮೇಲೆ ಸಿಟ್ಟಾಗಬಹುದು, ಇದಕ್ಕೆ ಯಾರ ಮೇಲೆ ಸಿಟ್ಟಾಗುವುದು? ಬರಬರುತ್ತ ಆ ಮಾತು ಕಡಿಮೆಯಾಯಿತು. ಮುಂದಿನ ಪರೀಕ್ಷೆಯಲ್ಲಿ ಅವಳು ಗೆರೆಯ ಈಚೆಗೇ ನಿಲ್ಲಿಸಿದಳು. ಅವಳ ಜೊತೆ ಹೋದ ಮಧ್ಯಾಹ್ನದವರೂ ಬಹುಪಾಲು ಪಾಸು.

ಮಾವನ ಮನೆ, ಇವನ ಮನೆ, ನನ್ನ ಮನೆ ಎಲ್ಲವೂ ಒಂದೇ ದಾರಿಯಲ್ಲಿ. ಸಂಜೆ ಅಂಗಡಿ ಮುಚ್ಚಿ ನಾನೂ ಅವರ ಆ ಕಲಿಸುವ ಕಾರನ್ನೇ ಹತ್ತುತ್ತಿದ್ದೆ. ಮಾವ ಕಾರಿನಲ್ಲಿದ್ದರೆ ಸ್ಟಿಯರಿಂಗ್ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅಳಿಯ ಪಕ್ಕದಲ್ಲಿ, ನಾನು ಹಿಂದೆ.

ಫಲಿತಾಂಶ ಬಂದ ಸಂಜೆ ಮಾವ ಖುಷಿಯಲ್ಲಿದ್ದರು. "ಸೋಮವಾರ ವಕೀಲರ ಹತ್ರ ಹೋಗೋಣ. ಸ್ಕೂಲು ನಿನ್ನ ಹೆಸರಿಗೆ ಮಾಡ್ತೀನಿ. ಬೆಳಗಿನ ಪಾಠ ಮಾತ್ರ ಕೊನೇವರೆಗೂ ನಂದೇ," ಎಂದರು.

ಅಷ್ಟರಲ್ಲಿ ತಿರುವಿನಲ್ಲಿ ಒಬ್ಬ ತರಕಾರಿ ಗಾಡಿ ತಳ್ಳಿಕೊಂಡು ಅಡ್ಡ ಬಂದ. ಮುಸ್ಸಂಜೆ, ದೀಪಗಳು ಇನ್ನೂ ಹತ್ತಿರಲಿಲ್ಲ. ಕಾರು ಮೆತ್ತಗೆ ನಿಂತಿತು.

"ನೋಡ್ದ್ಯಾ, ಹೆಂಗೆ ನಿಲ್ಸ್ದೆ," ಎಂದರು ಮಾವ.

ಅಳಿಯನ ಮೊಣಕಾಲು ಕೆಳಗಿಳಿದದ್ದನ್ನು ನಾನು ನೋಡಿದ್ದೆ. ಸುಮ್ಮನಿದ್ದರೆ ಸೋಮವಾರ ಸ್ಕೂಲು ಅವನದು. ಸುಮ್ಮನಿರುವುದು ಅವನಿಗೆ ಹೊಸದೂ ಅಲ್ಲ. ಗಾಡಿಯವನು ರಸ್ತೆ ದಾಟುವವರೆಗೂ ಅವನು ಕಾದ.

"ಇದು ನಂದು, ಮಾವ."

ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಬೈಗುಳ ಬರಲಿಲ್ಲ.

"ಯಾವತ್ತಿಂದ?"

"ಹೋದ ವರ್ಷದಿಂದ."

"ಮೊನ್ನೆ ಸೈಕಲ್ ಹೊಡ್ಕೊಂಡು ಅಡ್ಡ ಬಂತಲ್ಲ, ಆ ಮಗು?"

"ಅದೂ ನಂದೇ."

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಮಾವ ಬಾಗಿಲು ತೆಗೆದು ಇಳಿದರು. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು, ಅದನ್ನೇ ಸವರುತ್ತ ಅಳಿಯನ ಕಡೆಯ ಬಾಗಿಲಿಗೆ ಬಂದು ನಿಂತರು. ಅಳಿಯ ಸರಿದು ಸ್ಟಿಯರಿಂಗ್ ಮುಂದೆ ಕೂತ. ನನಗೆ ಆ ಹೊತ್ತಿನಲ್ಲಿ ಇಬ್ಬರ ಮೇಲೂ ಕನಿಕರವಾಯಿತು.

"ನೀನು ಕೂಗಾಡಿದ್ರೆ ನಾನೂ ಕೂಗಾಡಿ, ಸೋಮವಾರದ ಮಾತು ವಾಪಸ್ ತಗೋತಿದ್ದೆ," ಎಂದರು ಮಾವ, ಬಾಗಿಲು ಎಳೆದುಕೊಳ್ಳುತ್ತ.

ಕಾರು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವರು ಮತ್ತೆ ಮಾತಾಡಿದರು, ಹಿಂದೆ ಕೂತ ನಾನು ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ನಿಧಾನಕ್ಕೆ ಓಡ್ಸು ಕಣೋ. ಬೆಳಕು ಕಮ್ಮಿಯಾದ್ರೆ ನಂಗೆ ಏನೂ ಕಾಣಲ್ಲ."